ಹಾಸನದ ದಾಖಲೆ ಸಲಹಾ ಕಚೇರಿಯೊಂದರ ಸೇವೆ: ಗ್ರೀನ್ ಕಾರ್ಡಿನ ವರ್ಗ, ಪದವಿ ಮತ್ತು ಅನುಭವ ಪತ್ರ

ಅಮೆರಿಕದಲ್ಲಿ ಕೆಲಸದಲ್ಲಿರುವ ಮಕ್ಕಳ ಅಥವಾ ಒಡಹುಟ್ಟಿದವರ ಗ್ರೀನ್ ಕಾರ್ಡ್ ಅರ್ಜಿಗೆ ಬೇಕಾದ ಕಾಗದಪತ್ರಗಳನ್ನು ಊರಿನಲ್ಲಿಯೇ ಹೊಂದಿಸಿಕೊಡುವ ಒಂದು ಸಣ್ಣ ಸಲಹಾ ಕಚೇರಿ ಹಾಸನದಲ್ಲಿದೆ. ನನ್ನ ತಂಗಿಯ ಕಂಪನಿಯವರು ಅವಳ ಪರವಾಗಿ ಪ್ರಕ್ರಿಯೆ ಆರಂಭಿಸಿದಾಗ ಅವಳ ಅಂಕಪಟ್ಟಿ, ಪದವಿ ಪತ್ರ ಮತ್ತು ಬೆಂಗಳೂರಿನ ಹಳೆಯ ಕಂಪನಿಯ ಅನುಭವ ಪತ್ರಗಳಿಗಾಗಿ ನಾನು ಈ ಕಚೇರಿಯ ಸೇವೆಯನ್ನು ಪಡೆದೆ. ಆಮೇಲೆ ಚಿಕ್ಕಮಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ವಿಚಾರಕ್ಕೂ ಅಲ್ಲಿಗೇ ಹೋದೆ. ಅನುಭವ ಪತ್ರ ಮತ್ತು ದಿನಾಂಕಗಳ ವಿಷಯದಲ್ಲಿ ಇವರ ಕೆಲಸ ಬಹಳ ಚೊಕ್ಕವಾಗಿದೆ ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ. ಆದರೆ ಮೂರು ವರ್ಷದ ಪದವಿಯವರಿಗೆ ಅಲ್ಲಿ ಒಬ್ಬರು ಕೊಟ್ಟ ಸಲಹೆ ತಪ್ಪಾಗಿತ್ತು, ಅದೂ ಸಣ್ಣ ತಪ್ಪಲ್ಲ. ಆ ಕಾರಣದಿಂದಲೇ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲ ಭೇಟಿಯಲ್ಲಿಯೇ ಅಲ್ಲಿನ ಹಿರಿಯ ಸಲಹೆಗಾರ್ತಿ ತಮ್ಮ ಮಿತಿಯನ್ನು ಸ್ಪಷ್ಟಪಡಿಸಿದರು. ತಾವು ವಕೀಲರಲ್ಲ, ಅಮೆರಿಕದ ವಲಸೆ ಇಲಾಖೆಯ ಮುಂದೆ ಯಾರ ಪರವಾಗಿಯೂ ನಿಲ್ಲುವ ಅಧಿಕಾರ ತಮಗಿಲ್ಲ, ಅರ್ಜಿ ಹಾಕುವುದು ಕಂಪನಿಯ ವಕೀಲರ ಕೆಲಸ ಎಂದು ತಿಳಿಸಿದ ಮೇಲೆಯೇ ಅವರು ಕಡತವನ್ನು ಮುಟ್ಟಿದ್ದು. "ನೋಡಿ ಸಾರ್, ಪರ್ಮ್ ಖರ್ಚಿಗೆ ಅಂತ ಯಾರಾದರೂ ನಿಮ್ಮ ತಂಗಿಯ ಹತ್ತಿರ ದುಡ್ಡು ಕೇಳಿದರೆ ಕೊಡಬೇಡಿ ಅನ್ನಿ, ಅದನ್ನ ಕಂಪನಿಯೋರೇ ಕಟ್ಟಬೇಕು" ಎಂದೂ ಹೇಳಿದರು. ಇದು ಸರಿಯಾದ ಮಾತು. ಹುದ್ದೆಗೆ ಸ್ಥಳೀಯ ಅಭ್ಯರ್ಥಿಗಳು ಸಿಗುತ್ತಾರೆಯೇ ಎಂದು ಪರೀಕ್ಷಿಸಿ ಅಮೆರಿಕದ ಕಾರ್ಮಿಕ ಇಲಾಖೆ ನೀಡುವ ಪರ್ಮ್ ಪ್ರಮಾಣೀಕರಣದ ವೆಚ್ಚವನ್ನು, ಅದಕ್ಕೆ ತಗಲುವ ವಕೀಲರ ಶುಲ್ಕವನ್ನೂ ಸೇರಿಸಿ, ಉದ್ಯೋಗದಾತರೇ ಭರಿಸಬೇಕೆಂಬ ನಿಯಮ 2007ರಿಂದ ಜಾರಿಯಲ್ಲಿದೆ. ಹಣ ಮಾಡಿಕೊಳ್ಳುವ ಉದ್ದೇಶವಿದ್ದವರು ಈ ಮಾತನ್ನು ತಾವಾಗಿ ಎತ್ತುತ್ತಿರಲಿಲ್ಲ ಎಂಬ ಕಾರಣಕ್ಕೆ ನನಗೆ ಅವರ ಮೇಲೆ ವಿಶ್ವಾಸ ಮೂಡಿತು.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿಗೆ 1990ರ ವಲಸೆ ಕಾಯ್ದೆಯು ಐದು ವರ್ಗಗಳನ್ನು ರೂಪಿಸಿದ್ದು, ಅವುಗಳಲ್ಲಿ ಓದು ಮತ್ತು ಅನುಭವದ ಲೆಕ್ಕ ಮುಖ್ಯವಾಗುವುದು ಮೊದಲ ಮೂರರಲ್ಲಿ. ಐದೂ ವರ್ಗಗಳಿಗೆ ಸೇರಿ ವರ್ಷಕ್ಕೆ ಸುಮಾರು 1,40,000 ವೀಸಾಗಳಿದ್ದು, ಗಂಡ, ಹೆಂಡತಿ, ಮಕ್ಕಳು ಕೂಡ ಅದೇ ಸಂಖ್ಯೆಯೊಳಗೆ ಬರುತ್ತಾರೆ. ಯಾವ ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಿಗುವಂತಿಲ್ಲವಾದ್ದರಿಂದ ಭಾರತದಲ್ಲಿ ಹುಟ್ಟಿದವರ ಸರದಿ ಹನುಮಂತನ ಬಾಲದಂತೆ ಬೆಳೆದಿದೆ. ಇದನ್ನೆಲ್ಲ ತಂಗಿ ಆಗಲೇ ತಿಳಿದುಕೊಂಡಿದ್ದಳು. ಅವಳಿಗೂ ನನಗೂ ತಿಳಿಯದೆ ಇದ್ದದ್ದು ವರ್ಗವನ್ನು ನಿರ್ಧರಿಸುವುದು ಯಾವುದು ಎಂಬುದು.

ನಮ್ಮ ಕಡೆ ಬಹುತೇಕ ಎಲ್ಲರೂ, ಎಂ.ಟೆಕ್ ಮಾಡಿದವರು ಎರಡನೆಯ ವರ್ಗಕ್ಕೆ, ಬಿ.ಇ. ಮಾಡಿದವರು ಮೂರನೆಯ ವರ್ಗಕ್ಕೆ ಎಂದು ತಿಳಿದಿರುತ್ತಾರೆ. ಕಚೇರಿಯವರು ಮೊದಲು ಬಿಡಿಸಿದ್ದು ಈ ಗಂಟನ್ನು. ವರ್ಗವನ್ನು ನಿರ್ಧರಿಸುವುದು ಮನುಷ್ಯನ ಓದಲ್ಲ, ಹುದ್ದೆಯ ಅಗತ್ಯ. ಕಂಪನಿಯು ಪರ್ಮ್ ಅರ್ಜಿಯಲ್ಲಿ ಆ ಹುದ್ದೆಗೆ ಕನಿಷ್ಠ ಯಾವ ಪದವಿ, ಎಷ್ಟು ವರ್ಷದ ಅನುಭವ ಬೇಕೆಂದು ಬರೆಯುತ್ತದೆಯೋ ಅದರ ಮೇಲೆ ವರ್ಗ ನಿಲ್ಲುತ್ತದೆ. ಸ್ನಾತಕೋತ್ತರ ಪದವಿ, ಅಥವಾ ಪದವಿಯ ಜೊತೆಗೆ ಅದರ ನಂತರದ ಐದು ವರ್ಷಗಳ ಅನುಭವ ಬೇಕೆಂದಿದ್ದರೆ ಅದು ಎರಡನೆಯ ವರ್ಗ, ಅಂದರೆ ಇಬಿ-2. ಕೇವಲ ಪದವಿ, ಅಥವಾ ಎರಡು ವರ್ಷಗಳ ಅನುಭವ ಸಾಕೆಂದಿದ್ದರೆ ಇಬಿ-3. ಆ ಬಳಿಕವಷ್ಟೇ ಅಭ್ಯರ್ಥಿಗೆ ಆ ಅರ್ಹತೆ ಇದೆಯೇ, ಅದೂ ಪರ್ಮ್ ಅರ್ಜಿ ಸಲ್ಲಿಕೆಯಾದ ದಿನಕ್ಕೆ ಮೊದಲೇ ಇತ್ತೇ ಎಂದು ನೋಡುತ್ತಾರೆ. ಪಿಎಚ್.ಡಿ. ಮಾಡಿದವರಾದರೂ ಹುದ್ದೆಗೆ ಬರಿಯ ಪದವಿ ಸಾಕೆಂದು ಬರೆದಿದ್ದರೆ ಆ ಅರ್ಜಿಯಲ್ಲಿ ಅವರು ಮೂರನೆಯ ವರ್ಗದವರೇ.

ನಾನು ಅಲ್ಲಿ ಕುಳಿತಿದ್ದಾಗ ಸಕಲೇಶಪುರದ ಕಡೆಯ ಒಬ್ಬ ನರ್ಸ್ ತಾಯಿಯೊಂದಿಗೆ ಬಂದಿದ್ದರು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ಅನೇಕ ವರ್ಷ ಆಸ್ಪತ್ರೆಯಲ್ಲಿ ದುಡಿದ ಮಗಳಿಗೆ ಎರಡನೆಯ ವರ್ಗ ಏಕೆ ಸಿಗುವುದಿಲ್ಲ ಎಂಬುದು ತಾಯಿಯ ಪ್ರಶ್ನೆ. ನೋಂದಾಯಿತ ನರ್ಸ್‌ಗಳಿಗೆ ಅಮೆರಿಕದಲ್ಲಿ ಕೊರತೆ ಇದೆಯೆಂದು ಸರ್ಕಾರವೇ ಒಪ್ಪಿರುವುದರಿಂದ ಪರ್ಮ್ ಪರೀಕ್ಷೆಯಿಂದ ಅವರಿಗೆ ವಿನಾಯಿತಿ ಇದೆ, ಆದರೆ ಸಾಮಾನ್ಯ ಸ್ಟಾಫ್ ನರ್ಸ್ ಹುದ್ದೆಗೆ ಸ್ನಾತಕೋತ್ತರ ಪದವಿಯ ಅಗತ್ಯವಿಲ್ಲದ್ದರಿಂದ ಅರ್ಜಿ ಇಬಿ-3ರಲ್ಲಿಯೇ ಹೋಗುತ್ತದೆ ಎಂದು ಸಲಹೆಗಾರ್ತಿ ಅವರಿಗೆ ವಿವರಿಸಿದರು. "ಓದು ನಿಮ್ಮ ಮಗಳದು ಕಣಮ್ಮ, ಆದರೆ ಅವರು ಅಳೆಯೋದು ಕೆಲಸವನ್ನ" ಎಂದ ಅವರ ಮಾತು ತಾಯಿಗೆ ಅರ್ಥವಾಯಿತು. ಹುದ್ದೆಯ ಅಗತ್ಯದ ಈ ಸೂತ್ರವನ್ನು ನಾನು ಬೇರೆಲ್ಲಿಯೂ ಇಷ್ಟು ಸುಲಭವಾಗಿ ಕೇಳಿರಲಿಲ್ಲ.

ಇನ್ನು ತಂಗಿಯ ಕಡತದ ವಿಚಾರ. ಅವಳು ಮಲೆನಾಡು ತಾಂತ್ರಿಕ ಮಹಾವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಇ. ಮುಗಿಸಿದ್ದು 2016ರಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಂಪನಿಯೊಂದನ್ನು ಸೇರಿ 2021ರ ಅಕ್ಟೋಬರಿನವರೆಗೆ ಅಲ್ಲಿದ್ದು, ಬಳಿಕ ಅಮೆರಿಕದ ಈಗಿನ ಕಂಪನಿಗೆ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಹೋದಳು. ಕಂಪನಿಯು ಹುದ್ದೆಗೆ ಸ್ನಾತಕೋತ್ತರ ಪದವಿ ಅಥವಾ ಪದವಿಯ ಜೊತೆಗೆ ಐದು ವರ್ಷಗಳ ಅನುಭವ ಎಂದು ಬರೆಯಲು ಸಿದ್ಧವಿತ್ತು. ಅರ್ಜಿ ಹಾಕುತ್ತಿರುವ ಕಂಪನಿಯಲ್ಲಿಯೇ ಗಳಿಸಿದ ಅನುಭವವನ್ನು, ಹಿಂದಿನ ಹುದ್ದೆಯ ಕೆಲಸ ಈಗಿನದಕ್ಕಿಂತ ಅರ್ಧಕ್ಕೂ ಹೆಚ್ಚು ಭಿನ್ನವಾಗಿದ್ದ ಹೊರತು, ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊಸಬರನ್ನು ತಾನೇ ತರಬೇತು ಮಾಡಿ ಬೆಳೆಸಿದ ಕಂಪನಿ, ಬೇರೆಯವರಿಂದ ಮಾತ್ರ ಮೊದಲೇ ಅನುಭವ ಬೇಕೆಂದು ಕೇಳುವುದು ನ್ಯಾಯವಲ್ಲ ಎಂಬುದು ಈ ನಿಯಮದ ಹಿಂದಿರುವ ವಿಚಾರ. ಆದ್ದರಿಂದ ಐದು ವರ್ಷಗಳೂ ಬೆಂಗಳೂರಿನ ಅವಧಿಯಲ್ಲಿಯೇ ತುಂಬಬೇಕಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಎದ್ದಿತು. ಆ ಐದು ವರ್ಷಗಳು ಪದವಿಯ ನಂತರದವಾಗಿರಬೇಕು. ಆದರೆ ಪದವಿ ದೊರೆತ ದಿನ ಯಾವುದು? ಅವಳ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎರಡು ಕಾಗದಗಳಿದ್ದವು. ನಾವೆಲ್ಲ ಪಿಡಿಸಿ ಎಂದು ಕರೆಯುವ ತಾತ್ಕಾಲಿಕ ಪದವಿ ಪ್ರಮಾಣಪತ್ರದಲ್ಲಿ 2016ರ ಆಗಸ್ಟ್ ಎಂದಿತ್ತು. ಘಟಿಕೋತ್ಸವದ ಪ್ರಮಾಣಪತ್ರ ಮರುವರ್ಷದ್ದು. ಎರಡನೆಯದನ್ನು ಹಿಡಿದರೆ ಬೆಂಗಳೂರಿನ ಅನುಭವ ಐದು ವರ್ಷಕ್ಕೆ ಕೆಲವು ತಿಂಗಳು ಕಡಿಮೆಯಾಗುತ್ತಿತ್ತು. ಮೊದಲನೆಯದನ್ನು ಹಿಡಿದರೆ ಐದು ವರ್ಷ ದಾಟುತ್ತಿತ್ತು. ಸಲಹೆಗಾರ್ತಿ ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ದಿನಾಂಕಗಳ ಕೆಳಗೆ ಬೆರಳಿಟ್ಟು, ಭಾರತದ ತಾತ್ಕಾಲಿಕ ಪ್ರಮಾಣಪತ್ರಗಳ ಬಗ್ಗೆಯೇ ಅಮೆರಿಕದ ವಲಸೆ ಇಲಾಖೆಯ ಮೇಲ್ಮನವಿ ಕಚೇರಿಯಿಂದ 2017ರ ಏಪ್ರಿಲಿನಲ್ಲಿ ಒಂದು ತೀರ್ಮಾನ ಬಂದಿದೆ ಎಂದು ತಿಳಿಸಿದರು. ಪದವಿಗೆ ಬೇಕಾದ ಎಲ್ಲ ಷರತ್ತುಗಳನ್ನು ವಿದ್ಯಾರ್ಥಿ ಪೂರೈಸಿದ್ದು, ವಿಶ್ವವಿದ್ಯಾಲಯದ ಸಂಬಂಧಪಟ್ಟ ಮಂಡಲಿ ಅದಕ್ಕೆ ಒಪ್ಪಿಗೆ ನೀಡಿದ್ದರೆ, ತಾತ್ಕಾಲಿಕ ಪ್ರಮಾಣಪತ್ರದ ದಿನದಿಂದಲೇ ಅನುಭವವನ್ನು ಎಣಿಸಬಹುದು ಎಂಬುದು ಆ ತೀರ್ಮಾನದ ತಿರುಳು. ಆದ್ದರಿಂದ ಪಿಡಿಸಿಯ ಮೂಲಪ್ರತಿಯ ಜೊತೆಗೆ ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಮತ್ತು ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಎರಡನ್ನೂ ತರಿಸಬೇಕೆಂದು ಅವರು ಹೇಳಿದರು. ಘಟಿಕೋತ್ಸವದ ಪತ್ರ ಕೈಗೆ ಬಂದ ಮೇಲೆ ಪಿಡಿಸಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ತಂಗಿಯ ಪಿಡಿಸಿ ಉಳಿದದ್ದು ಅಪ್ಪ ಎಲ್ಲ ಕಾಗದಗಳನ್ನೂ ಒಂದೇ ಟ್ರಂಕಿನಲ್ಲಿ ಇಟ್ಟಿದ್ದರಿಂದ.

ಅನುಭವ ಪತ್ರದ ಕೆಲಸದಲ್ಲಿ ಈ ಕಚೇರಿಯ ನಿಜವಾದ ಪರಿಣತಿ ಕಾಣುತ್ತದೆ. ಬೆಂಗಳೂರಿನ ಕಂಪನಿ ತಂಗಿಗೆ ಕೊಟ್ಟಿದ್ದ ಪತ್ರದಲ್ಲಿ ಇದ್ದದ್ದು ಎರಡೇ ವಾಕ್ಯ: ಇಂಥ ದಿನದಿಂದ ಇಂಥ ದಿನದವರೆಗೆ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದರು, ಅವರ ನಡತೆ ತೃಪ್ತಿಕರವಾಗಿತ್ತು. ಸಲಹೆಗಾರ್ತಿ ಅದರ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದೇ ಕೊರತೆಯನ್ನು ಗುರುತು ಹಾಕಿದರು. ಸಹಿ ಮಾಡಿದವರ ಹುದ್ದೆ ಇಲ್ಲ. ಕಂಪನಿಯ ಪೂರ್ಣ ವಿಳಾಸ ಇಲ್ಲ. ಪೂರ್ಣಾವಧಿ ಕೆಲಸವೋ ಅಲ್ಲವೋ ಬರೆದಿಲ್ಲ. ಮುಖ್ಯವಾಗಿ, ಅವಳು ಮಾಡಿದ ಕೆಲಸವೇನು ಎಂಬುದರ ಒಂದು ಅಕ್ಷರವೂ ಇಲ್ಲ. ಉದ್ಯೋಗದಾತರ ಹೆಸರು, ವಿಳಾಸ, ಪತ್ರ ಬರೆದವರ ಹುದ್ದೆ ಮತ್ತು ಕೆಲಸದ ನಿರ್ದಿಷ್ಟ ವಿವರಣೆ ಅನುಭವ ಪತ್ರದಲ್ಲಿ ಇರಬೇಕೆಂದು ವಲಸೆ ನಿಯಮವೇ ಹೇಳುತ್ತದೆ. ಇದರ ಜೊತೆಗೆ, ಎರಡನೆಯ ವರ್ಗದಲ್ಲಿ ಬಿ.ಇ. ಮತ್ತು ಐದು ವರ್ಷಗಳನ್ನು ಸ್ನಾತಕೋತ್ತರ ಪದವಿಗೆ ಸಮನಾಗಿ ಹಿಡಿಯಬೇಕಾದರೆ ಆ ಅನುಭವ ಹಂತಹಂತವಾಗಿ ಜವಾಬ್ದಾರಿ ಹೆಚ್ಚುತ್ತ ಹೋದದ್ದು ಎಂದು ಕಾಣಬೇಕು. ಒಂದೇ ಕೆಲಸವನ್ನು ಐದು ವರ್ಷ ಮಾಡಿದರೆ ಸಾಲದು. ಪರ್ಮ್‌ನಲ್ಲಿ ನಿರ್ದಿಷ್ಟ ತಂತ್ರಾಂಶದ ಅಥವಾ ಪರಿಕರದ ಕೌಶಲವನ್ನು ಕೇಳಿದ್ದರೆ ಅದೂ ಪತ್ರದಲ್ಲಿ ಹೆಸರು ಹಿಡಿದು ಬಂದಿರಬೇಕು.

ಅವರು ತಂಗಿಯೊಂದಿಗೆ ದೂರವಾಣಿಯಲ್ಲಿ ಮಾತನಾಡಿ, ಯಾವ ವರ್ಷ ಯಾವ ಹುದ್ದೆ, ಎಂದಿನಿಂದ ಕಿರಿಯರ ಕೆಲಸವನ್ನು ಪರಿಶೀಲಿಸತೊಡಗಿದಳು, ಎಂದಿನಿಂದ ವಿನ್ಯಾಸದ ನಿರ್ಧಾರಗಳು ಅವಳವಾದವು ಎಂಬುದನ್ನೆಲ್ಲ ಬರೆದುಕೊಂಡರು. ಇಲ್ಲದ್ದನ್ನು ಒಂದನ್ನೂ ಸೇರಿಸಲಿಲ್ಲ. ಒಂದು ಕಡೆ ತಂಗಿಯೇ "ತಂಡದ ಮುಖ್ಯಸ್ಥೆ ಅಂತ ಹಾಕಬಹುದಾ" ಎಂದು ಕೇಳಿದಾಗ, ಸಂಬಳದ ಚೀಟಿಯಲ್ಲಿರುವ ಹುದ್ದೆಯ ಹೆಸರಿಗೂ ಪತ್ರಕ್ಕೂ ತಾಳೆಯಾಗದಿದ್ದರೆ ಇಡೀ ಕಡತದ ಮೇಲೆ ಅನುಮಾನ ಬರುತ್ತದೆ ಎಂದು ನಿರಾಕರಿಸಿದರು. ಆ ಕರಡನ್ನು ಹಳೆಯ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಕಳಿಸಿದಾಗ, ಅಷ್ಟು ವಿವರ ಬರೆಯುವುದು ತಮ್ಮ ಪದ್ಧತಿಯಲ್ಲ ಎಂಬ ಉತ್ತರ ಬಂತು. ಹಾಗಾದಾಗ ಏನು ಮಾಡಬೇಕೆಂಬುದೂ ಇವರಿಗೆ ಗೊತ್ತಿತ್ತು. ಕಂಪನಿಯ ಎರಡು ವಾಕ್ಯದ ಪತ್ರವನ್ನು ಅವಧಿಗೆ ಆಧಾರವಾಗಿ ಇಟ್ಟುಕೊಂಡು, ಆಗ ಅವಳ ಮೇಲಧಿಕಾರಿಯಾಗಿದ್ದವರಿಂದ ಮತ್ತು ಜೊತೆಗೆ ದುಡಿದ ಇನ್ನೊಬ್ಬರಿಂದ ಕೆಲಸದ ವಿವರವುಳ್ಳ ಪ್ರಮಾಣಿತ ಹೇಳಿಕೆ ಪಡೆದು, ಫಾರಂ 16, ಸಂಬಳದ ಚೀಟಿಗಳು, ಭವಿಷ್ಯನಿಧಿಯ ವಿವರ, ಬಡ್ತಿ ಪತ್ರಗಳನ್ನು ಅದರ ಬೆನ್ನಿಗೆ ಜೋಡಿಸಿದರು. ಮುಖ್ಯ ಸಾಕ್ಷ್ಯ ಸಿಗದಿದ್ದಾಗ ಅದು ಏಕೆ ಸಿಗಲಿಲ್ಲ ಎಂಬುದನ್ನೂ ತೋರಿಸಬೇಕಾದ್ದರಿಂದ ಸಿಬ್ಬಂದಿ ವಿಭಾಗದ ನಿರಾಕರಣೆಯ ಮಿಂಚಂಚೆಯನ್ನೂ ಕಡತದಲ್ಲಿ ಸೇರಿಸಿದರು. ಕಂಪನಿಯ ವಕೀಲರು ಇದನ್ನು ಹೆಚ್ಚು ತಿದ್ದುಪಡಿಯಿಲ್ಲದೆ ಸ್ವೀಕರಿಸಿದರು.

ಈಗ ದೂರಿನ ವಿಚಾರಕ್ಕೆ ಬರುತ್ತೇನೆ. ಚಿಕ್ಕಪ್ಪನ ಮಗ ಕುವೆಂಪು ವಿಶ್ವವಿದ್ಯಾಲಯದಿಂದ ಮೂರು ವರ್ಷದ ಬಿ.ಕಾಂ. ಪದವಿ ಪಡೆದವನು. ಲೆಕ್ಕಪತ್ರದ ಕೆಲಸದಲ್ಲಿ ಬಹಳ ವರ್ಷದ ಅನುಭವವಿದೆ, ಅವನಿಗೆ ಅಮೆರಿಕದ ಒಂದು ಸಂಸ್ಥೆ ಪರ್ಮ್ ಆರಂಭಿಸುವ ಮಾತಾಡುತ್ತಿತ್ತು. ಹಿರಿಯ ಸಲಹೆಗಾರ್ತಿ ಅಂದು ಇರಲಿಲ್ಲ. ಕಚೇರಿಯ ಕಿರಿಯ ಸಲಹೆಗಾರರು, ಮೂರು ವರ್ಷದ ಅನುಭವವನ್ನು ಒಂದು ವರ್ಷದ ಕಾಲೇಜು ಓದಿಗೆ ಸಮನೆಂದು ಹಿಡಿಯಬಹುದು, ಹಾಗಾಗಿ ಬಿ.ಕಾಂ. ನಾಲ್ಕು ವರ್ಷದ ಪದವಿಯಾಗುತ್ತದೆ, ಮೇಲಿನ ಐದು ವರ್ಷ ಸೇರಿಸಿದರೆ ಇಬಿ-2 ಸಿಗುತ್ತದೆ ಎಂದು ಹೇಳಿಬಿಟ್ಟರು. ಈ ಮೂರಕ್ಕೊಂದರ ಲೆಕ್ಕ ಎಚ್-1ಬಿ ವೀಸಾದ ನಿಯಮದಲ್ಲಿ ಇರುವುದು ನಿಜ. ಗ್ರೀನ್ ಕಾರ್ಡಿನ ಅರ್ಜಿಗೆ ಅದು ಅನ್ವಯಿಸುವುದಿಲ್ಲ. ಭಾರತದ ಮೂರು ವರ್ಷದ ಪದವಿ ಸಾಮಾನ್ಯವಾಗಿ ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮನಲ್ಲ ಎಂಬ ತೀರ್ಮಾನ 1977ರಷ್ಟು ಹಳೆಯದು. ಇಬಿ-2ರ ಪದವಿ ಒಂದೇ ವಿದೇಶಿ ಪದವಿಯಾಗಿ ಸಮನಾಗಿರಬೇಕೇ ಹೊರತು ಅನುಭವವನ್ನು ತೇಪೆ ಹಾಕಿ ಮಾಡಿದ್ದಾಗಿರಬಾರದು. ಇಬಿ-3ರ ವೃತ್ತಿಪರರ ಉಪವರ್ಗಕ್ಕೂ ಇದೇ ಕಟ್ಟು. ಬಿ.ಕಾಂ. ಮಾಡಿದವನಿಗೆ ಉಳಿಯುವ ದಾರಿಯೆಂದರೆ ಇಬಿ-3ರ ಕುಶಲ ಕೆಲಸಗಾರರ ಉಪವರ್ಗ. ಅಲ್ಲಿ ಹುದ್ದೆಗೆ ಕನಿಷ್ಠ ಎರಡು ವರ್ಷಗಳ ತರಬೇತಿ ಅಥವಾ ಅನುಭವ ಬೇಕಾಗಿದ್ದು, ಪರ್ಮ್‌ನಲ್ಲಿ ಬರೆದ ಷರತ್ತನ್ನು ಅಭ್ಯರ್ಥಿ ಪೂರೈಸಬೇಕು. ಪದವಿ ಮತ್ತು ಅನುಭವವನ್ನು ಒಟ್ಟಾಗಿ ಒಪ್ಪಿಕೊಳ್ಳುತ್ತೇವೆ ಎಂದು ಕಂಪನಿ ಆ ಅರ್ಜಿಯಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು.

ಈ ತಪ್ಪಿನ ಪರಿಣಾಮ ತಕ್ಷಣ ಕಾಣುವುದಿಲ್ಲ ಎಂಬುದೇ ಅದರ ಅಪಾಯ. ಪರ್ಮ್ ಹಂತದಲ್ಲಿ ಕಾರ್ಮಿಕ ಇಲಾಖೆ ಪದವಿಯ ಸಮಾನತೆಯನ್ನು ಆಳವಾಗಿ ಕೆದಕುವುದಿಲ್ಲ. ತಿಂಗಳುಗಟ್ಟಲೆ ಕಾದು ಪ್ರಮಾಣೀಕರಣ ಬಂದ ಮೇಲೆ, ಮುಂದಿನ ಹಂತವಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿಯನ್ನು ವಲಸೆ ಇಲಾಖೆಯ ಅಧಿಕಾರಿ ನೋಡುವಾಗ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ, ಪರ್ಮ್‌ನಲ್ಲಿ ಬರೆದದ್ದನ್ನು ಆಗ ತಿದ್ದಲಾಗುವುದಿಲ್ಲ. ಮರುವಾರ ಹಿರಿಯ ಸಲಹೆಗಾರ್ತಿಯ ಮುಂದೆ ಇದನ್ನು ಪ್ರಸ್ತಾಪಿಸಿದಾಗ ಅವರು ಕಿರಿಯರ ಮಾತು ತಪ್ಪೆಂದು ಒಪ್ಪಿಕೊಂಡು, ಕುಶಲ ಕೆಲಸಗಾರರ ದಾರಿಯನ್ನೇ ವಕೀಲರ ಬಳಿ ಕೇಳುವಂತೆ ಹೇಳಿದರು. ಒಪ್ಪಿಕೊಂಡದ್ದು ಸಂತೋಷ. ಆದರೆ ಒಂದೇ ಕಚೇರಿಯ ಎರಡು ಕುರ್ಚಿಗಳಿಂದ ಎರಡು ಉತ್ತರ ಬರುವುದನ್ನು ಅವರು ತಡೆಯಲೇಬೇಕು. ನಮ್ಮ ಜಿಲ್ಲೆಗಳಲ್ಲಿ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಓದಿದವರ ಸಂಖ್ಯೆ ಬಿ.ಇ. ಓದಿದವರಿಗಿಂತ ಕಡಿಮೆಯೇನಲ್ಲ.

ಮೂರು ವರ್ಷದ ಪದವಿಯವರಿಗೆಲ್ಲ ಬಾಗಿಲು ಮುಚ್ಚಿದೆ ಎಂದು ಇದರಿಂದ ತಿಳಿಯಬಾರದು. ತಂಗಿಯ ಗಂಡ ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಎಂಸಿಎ ಇನ್ನೂ ಮೂರು ವರ್ಷದ ಕೋರ್ಸ್ ಆಗಿದ್ದಾಗ ಅದನ್ನು ಓದಿದವರು. ಅಂಥ ಬಿ.ಎಸ್ಸಿ. ಮತ್ತು ಎಂಸಿಎ ಸರಣಿಯನ್ನು ಸಾಮಾನ್ಯವಾಗಿ ಅಮೆರಿಕದ ಸ್ನಾತಕೋತ್ತರ ಪದವಿಗೆ ಸಮನೆಂದು ಪರಿಗಣಿಸುತ್ತಾರೆ. ವಿದೇಶಿ ಪದವಿಗಳ ಸಮಾನತೆಯನ್ನು ನೋಡಲು ವಲಸೆ ಅಧಿಕಾರಿಗಳು ಬಳಸುವ ಎಡ್ಜ್ ಎಂಬ ದತ್ತಸಂಚಯವಿದ್ದು, ಖಾಸಗಿ ಮೌಲ್ಯಮಾಪಕರ ವರದಿ ಅದಕ್ಕೆ ವಿರುದ್ಧವಾಗಿದ್ದರೆ ಆ ವರದಿಗೆ ಹೆಚ್ಚು ಬೆಲೆ ಸಿಗುವುದಿಲ್ಲ. ಆದ್ದರಿಂದ ಹಣ ಕೊಟ್ಟು ಮೌಲ್ಯಮಾಪನ ಮಾಡಿಸುವ ಮುನ್ನ ಎಡ್ಜ್ ಏನು ಹೇಳುತ್ತದೆಂದು ನೋಡಿಕೊಳ್ಳುವ ಈ ಕಚೇರಿಯ ಕ್ರಮ ಒಳ್ಳೆಯದು.

ಮೊದಲ ವರ್ಗದ ಬಗ್ಗೆ ಇವರು ತೋರುವ ಎಚ್ಚರಿಕೆಯೂ ನನಗೆ ಹಿಡಿಸಿತು. ಅಸಾಧಾರಣ ಸಾಮರ್ಥ್ಯದ ಇಬಿ-1ಗೆ ಪದವಿಯ ಕಟ್ಟಿಲ್ಲ, ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಿ, ಆ ಮೇಲೆ ಒಟ್ಟಾರೆ ಸಾಧನೆಯ ತೂಕವನ್ನೂ ತೋರಿಸಬೇಕು. ಅದಕ್ಕೆಂದು ಪ್ರಶಸ್ತಿ ಕೊಡಿಸುತ್ತೇವೆ, ಲೇಖನ ಪ್ರಕಟಿಸಿಕೊಡುತ್ತೇವೆ ಎಂದು ಹಣ ಕೀಳುವವರು ಇದ್ದಾರೆ. ಇಂಥ ಕೆಲಸಕ್ಕೆ ಇವರು ಕೈ ಹಾಕುವುದಿಲ್ಲ. ತಮ್ಮ ಕೆಲಸ ಅಮೆರಿಕದ ಹಿತಕ್ಕೆ ಮುಖ್ಯವೆಂದು ತೋರಿಸಿ ಪಡೆಯುವ ರಾಷ್ಟ್ರೀಯ ಹಿತಾಸಕ್ತಿಯ ವಿನಾಯಿತಿಯಲ್ಲಿ ಪರ್ಮ್ ಬೇಡವಾದರೂ ಸರದಿ ಇಬಿ-2ರದ್ದೇ, ಓದು ಮತ್ತು ಅನುಭವದ ಅರ್ಹತೆಯೂ ಅದೇ ಎಂಬುದನ್ನು ಸರಿಯಾಗಿ ತಿಳಿಸುತ್ತಾರೆ.

ಎರಡನೆಯ ವರ್ಗವೇ ಬೇಕೆಂಬ ನಮ್ಮ ಹಟವನ್ನು ಸಡಿಲಿಸಿದ್ದೂ ಇವರೇ. ಭಾರತದವರ ಮಟ್ಟಿಗೆ ಇಬಿ-2 ಯಾವಾಗಲೂ ಮುಂದೆ ಇರುವುದಿಲ್ಲ. ಯಾವ ವರ್ಗದಲ್ಲಿ ಯಾವ ದಿನಾಂಕದವರ ಸರದಿ ಬಂದಿದೆ ಎಂದು ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್‌ನ 2020ರ ಅಕ್ಟೋಬರಿನ ಸಂಚಿಕೆಯಲ್ಲಿ ಇಬಿ-3ರ ದಿನಾಂಕ ಇಬಿ-2ನ್ನು ಹಿಂದೆ ಹಾಕಿದಾಗ, ಇಬಿ-2ರಲ್ಲಿದ್ದ ಬಹಳಷ್ಟು ಮಂದಿ ಅದೇ ಪರ್ಮ್‌ನ ಆಧಾರದಲ್ಲಿ ಇಬಿ-3ಕ್ಕೆ ಇನ್ನೊಂದು ಐ-140 ಹಾಕಿದರು. ಹೆಚ್ಚಿನ ಅರ್ಹತೆಯವರು ಕೆಳಗಿನ ವರ್ಗಕ್ಕೆ ಇಳಿಯಬಹುದು, ಕಡಿಮೆ ಅರ್ಹತೆಯವರು ಮೇಲಿನದಕ್ಕೆ ಏರಲಾಗದು. ಓದು ಮತ್ತು ಅನುಭವದ ಕಾಗದಗಳು ಗಟ್ಟಿಯಾಗಿರಬೇಕಾದ ದೊಡ್ಡ ಕಾರಣ ನನಗೆ ಇಲ್ಲಿಯೇ ಕಂಡದ್ದು. ಐ-140 ಒಮ್ಮೆ ಮಂಜೂರಾಗಿ, ವಂಚನೆ ಅಥವಾ ಗಂಭೀರ ದೋಷದ ಕಾರಣಕ್ಕೆ ರದ್ದಾಗದಿದ್ದರೆ, ಸರದಿಯಲ್ಲಿ ಅಭ್ಯರ್ಥಿಯ ಜಾಗವನ್ನು ಗೊತ್ತುಮಾಡುವ ಆದ್ಯತಾ ದಿನಾಂಕವನ್ನು ಮುಂದಿನ ಕಂಪನಿಯ ಅರ್ಜಿಗೂ ಕೊಂಡೊಯ್ಯಬಹುದು. ವರ್ಷಗಟ್ಟಲೆ ಕಾಯುವವರಿಗೆ ಆ ದಿನಾಂಕವೇ ಆಸ್ತಿ.

ಸಣ್ಣ ಸಂಗತಿಗಳಲ್ಲಿ, ಹೆಸರಿನ ತೊಡಕನ್ನು ಇವರು ಬೇಗ ಬಿಡಿಸುತ್ತಾರೆ. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣರೂಪ ಇರುವುದು ನಮ್ಮಲ್ಲಿ ಮಾಮೂಲು. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರದ ಕರಡು ಅವರ ಬಳಿ ಸಿದ್ಧವಿರುತ್ತದೆ. ಟ್ರಾನ್ಸ್‌ಕ್ರಿಪ್ಟಿಗೆ ಬೆಳಗಾವಿಗೆ, ಹಾಸನದ ಕಾಲೇಜುಗಳ ಹಳೆಯ ಪದವಿಗಳಿಗೆ ಮೈಸೂರಿಗೆ ಅರ್ಜಿ ಹಾಕುವುದನ್ನೂ ಅವರೇ ನೋಡಿಕೊಳ್ಳುತ್ತಾರೆ. ಶುಲ್ಕವನ್ನು ಮೊದಲೇ ಬರೆದು ಕೊಡುತ್ತಾರೆ, ರಸೀದಿ ಕೇಳದೆಯೇ ಸಿಗುತ್ತದೆ. ಕಾಯಲು ಕುರ್ಚಿಗಳು ಸಾಲದು, ಒಬ್ಬರ ಸಂಬಳದ ವಿವರ ಇನ್ನೊಬ್ಬರ ಕಿವಿಗೆ ಬೀಳುವಷ್ಟು ಜಾಗ ಇಕ್ಕಟ್ಟಾಗಿದೆ. ಅದಕ್ಕೊಂದು ಮರೆಯನ್ನಾದರೂ ಮಾಡಿಸಬೇಕು.

ಬಿ.ಇ., ಬಿ.ಎಸ್ಸಿ. ನರ್ಸಿಂಗ್, ಎಂಸಿಎ ಓದಿದವರ ಮನೆಯವರಿಗೆ ಈ ಕಚೇರಿಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಮೂರು ವರ್ಷದ ಪದವಿಯಷ್ಟೇ ಇರುವವರು ಹಿರಿಯ ಸಲಹೆಗಾರ್ತಿ ಇರುವ ದಿನವನ್ನು ಫೋನಿನಲ್ಲಿ ಕೇಳಿಕೊಂಡು ಹೋಗಬೇಕು, ಅವರು ಹೇಳಿದ್ದನ್ನು ಪರ್ಮ್ ಸಲ್ಲಿಕೆಗೆ ಮುನ್ನವೇ ಕಂಪನಿಯ ವಕೀಲರಿಂದ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಹೋಗುವಾಗ ಪಿಡಿಸಿ, ಘಟಿಕೋತ್ಸವದ ಪತ್ರ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪ್ರತಿಯೊಂದು ಕಂಪನಿಯ ನೇಮಕಾತಿ ಮತ್ತು ಬಿಡುಗಡೆ ಪತ್ರ, ಫಾರಂ 16 ಇವಿಷ್ಟನ್ನು ಒಯ್ದರೆ ಮೊದಲ ಭೇಟಿಯಲ್ಲಿಯೇ ಕೆಲಸ ಆರಂಭವಾಗುತ್ತದೆ.